ನೀರಿಗೆ ಹಾಕಿದ ಜಪಾನು

ಹೋದ ತಿಂಗಳು ಕಲಬುರ್ಗಿಯಿಂದ ಒಬ್ಬ ಮೇಷ್ಟ್ರು ನಮ್ಮ ಮನೆಗೆ ಬಂದಿದ್ದರು. ಹಳೆಯ ಚಿತ್ರದ ಕಾರ್ಡುಗಳನ್ನು ಕೂಡಿಹಾಕುವ ಹುಚ್ಚು ಅವರಿಗೆ. ಅಫಜಲಪುರದಲ್ಲಿ ಒಬ್ಬ ಮುದುಕಿಯ ಹತ್ತಿರ ಜಪಾನಿನ ಬಣ್ಣದ ಕಾರ್ಡುಗಳು ಒಂದು ಡಬ್ಬಿ ತುಂಬ ಇವೆಯಂತೆ ಎಂದು ಯಾರೋ ಅವರ ಕಿವಿಗೆ ಹಾಕಿದ್ದರು. ಆ ಮುದುಕಿ ನಾನೇ. ಡಬ್ಬಿ ಇರುವುದೂ ನಿಜ. ಬಣ್ಣದ ಮಾತು ಹೇಳಿದವರು ಮಾತ್ರ ನನ್ನ ಕಾರ್ಡುಗಳನ್ನು ಕಂಡವರಲ್ಲ.

ಮೇಷ್ಟ್ರು ಬಚ್ಚಲಿಗೆ ಹೋಗಿ ಕೈ ತೊಳೆದು, ತಮ್ಮದೇ ಕರವಸ್ತ್ರದಲ್ಲಿ ಒರೆಸಿಕೊಂಡು ಬಂದು ಕೂತರು. ದೇವರ ಪೆಟ್ಟಿಗೆ ತೆರೆಯುವವರ ಹಾಗೆ ಮುಚ್ಚಳ ತೆಗೆದರು. ಮೊದಲ ಕಾರ್ಡು ನೋಡಿದರು, ಎರಡನೆಯದು ನೋಡಿದರು. ಐದಾರು ನೋಡುವಷ್ಟರಲ್ಲಿ ಮುಖ ಇಳಿದುಹೋಯಿತು.

“ಅಮ್ಮಾ, ಇವನ್ನ ನೀರಾಗ ಹಾಕಿದವರು ಯಾರ್ರಿ?” ಎಂದರು. ಕೂಸನ್ನು ಬಾವಿಗೆ ನೂಕಿದವರು ಯಾರು ಎಂದು ಕೇಳುವ ದನಿ.

“ನಾನೇ ಹಾಕೀನ್ರಿ,” ಅಂದೆ.

ಅವರು ಚಹಾದ ಬಸಿಯನ್ನು ಕೆಳಗಿಟ್ಟುಬಿಟ್ಟರು. ನಲವತ್ತೊಂದು ಕಾರ್ಡು. ನಲವತ್ತೊಂದೂ ಬೂದಿ ಬಣ್ಣಕ್ಕೆ ತಿರುಗಿವೆ. ಅಲ್ಲಲ್ಲಿ ಕೆಂಪಿನದೋ ಹಸಿರಿನದೋ ಒಂದು ಹೊಲಸು ಕಲೆ. ಫ್ಯೂಜಿ ಬೆಟ್ಟದ ಮೇಲೆ ಯಾರದೋ ಬಟ್ಟೆಯ ನೇರಳೆ ಹರಿದು ನಿಂತಿದೆ. ಮೇಷ್ಟ್ರು ಸಮಾಧಾನ ತಂದುಕೊಂಡು ನನಗೊಂದು ಪಾಠ ಹೇಳಿದರು. ಈ ಚಿತ್ರಗಳು ಕಪ್ಪು ಬಿಳುಪಿನಲ್ಲಿ ಅಚ್ಚಾಗುತ್ತಿದ್ದವಂತೆ. ಆಮೇಲೆ ಹೆಂಗಸರು ಸಾಲಾಗಿ ಕೂತು ಕುಂಚದಿಂದ ಒಂದೊಂದಕ್ಕೂ ಬಣ್ಣ ತುಂಬುತ್ತಿದ್ದರಂತೆ. ಒಬ್ಬಳು ಬರೀ ಕೆಂಪು ಹಚ್ಚಿ ಪಕ್ಕದವಳಿಗೆ ಕೊಡುವುದು, ಅವಳು ಬರೀ ಹಸಿರು ಹಚ್ಚುವುದು. ಒಂದೇ ಚಿತ್ರ ಒಂದು ಕಾರ್ಡಿನಲ್ಲಿ ಮುಂಜಾನೆ, ಇನ್ನೊಂದರಲ್ಲಿ ಸಂಜೆ ಆಗಿಬಿಡುತ್ತಿತ್ತು. ಎಲ್ಲಾ ನೀರಿನ ಬಣ್ಣ. ನೀರು ತಗಲಿದರೆ ಕೆಲಸ ಮುಗಿಯಿತು.

ಬಂದ ತಪ್ಪಿಗೆ ಎಂಬಂತೆ ಅವರು ಕಾರ್ಡುಗಳನ್ನು ಬೆನ್ನು ಮೇಲೆ ಮಾಡಿ ನೋಡತೊಡಗಿದರು. ಅಲ್ಲಿ ಅವರ ಮುಖ ಸ್ವಲ್ಪ ಗೆಲುವಾಯಿತು. ಬೆನ್ನಿನ ಮೇಲೆ ವಿಳಾಸಕ್ಕೂ ಬರಹಕ್ಕೂ ನಡುವೆ ಒಂದು ಗೆರೆ ಇರುತ್ತದೆ. ಜಪಾನಿನ ಕಾರ್ಡಿನಲ್ಲಿ ಆ ಗೆರೆ ಸರಿಯಾಗಿ ಅರ್ಧಕ್ಕಿದ್ದರೆ ಅದು ಮೊದಲ ಮಹಾಯುದ್ಧ ಮುಗಿದ ಹೊತ್ತಿನದು, ಇಲ್ಲವೇ ಅದರ ನಂತರದ್ದು. ಬರಹಕ್ಕೆ ಮೂರರಲ್ಲಿ ಒಂದು ಪಾಲು ಮಾತ್ರ ಬಿಟ್ಟಿದ್ದರೆ ಅದಕ್ಕೂ ಹಿಂದಿನದು. ಅಷ್ಟೇ ಲೆಕ್ಕ.

“ನೋಡ್ರಿ ಅಮ್ಮಾ, ಹೆಣ್ಣಮಕ್ಕಳ ಚಿತ್ರ ಇರೋವು ಎಲ್ಲಾ ಹಳೇವು. ನಿಮಗ ಬರೋದಕ್ಕಿಂತ ಇಪ್ಪತ್ತು ವರ್ಷ ಮೊದಲೇ ಅಚ್ಚಾಗ್ಯಾವ. ಎಲ್ಲೋ ಮೂಲ್ಯಾಗ ಉಳದ ಮಾಲು ಇದು. ನಿಮ್ಮ ಕೈಗಿ ಬರೋ ಹೊತ್ತಿಗಿ ಇವರೆಲ್ಲಾ ನಲವತ್ತು ದಾಟಿದ ಹೆಂಗಸರು.”

ಆ ಮಾತು ನನಗೆ ಎಲ್ಲಿ ಹೋಗಿ ತಾಗಿತು ಎಂದು ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು? ಆ ಒಂದು ಗೆರೆ ಅಂದು ನನಗೆ ಗೊತ್ತಿದ್ದರೆ ನಮ್ಮಕ್ಕ ಆ ದಿನಗಳಲ್ಲಿ ಅತ್ತ ಅಳುವನ್ನು ಅಳುತ್ತಿರಲಿಲ್ಲ. ಗೆರೆ ಇದ್ದದ್ದು ನನ್ನ ಕೈಯಲ್ಲೇ. ಅದರ ಮೇಲೆ ಅಂಟು ಬಳಿದು ಮುಚ್ಚಿದವಳೂ ನಾನೇ. ಮೇಷ್ಟ್ರು ಹೋದ ಮೇಲೆ ಎರಡು ದಿನ ನನಗೆ ಊಟ ಸೇರಲಿಲ್ಲ. ನಿಮಗಾದರೂ ಹೇಳಿ ಹಗುರಾಗೋಣ ಎಂದು ಕೂತಿದ್ದೇನೆ.

ನನ್ನ ತವರು ಆಳಂದ. ಅಪ್ಪನದು ಬಟ್ಟೆ ಅಂಗಡಿ. ನಿಜಾಮರ ಕಾಲ. ಆಗ ಜಪಾನು ನಮ್ಮ ಮನೆಯೊಳಗೇ ಇತ್ತು. ಗುಂಡಿ ಜಪಾನಿನದು, ಬಾಚಣಿಗೆ ಜಪಾನಿನದು, ಮಲಗಿಸಿದರೆ ಕಣ್ಣು ಮುಚ್ಚುವ ಗೊಂಬೆ ಜಪಾನಿನದು. ಯಾವುದಾದರೂ ಬೇಗ ಮುರಿದರೆ ‘ಜಪಾನಿ ಮಾಲು’ ಎಂದು ಅವ್ವ ಬೈಯುತ್ತಿದ್ದಳು. ನಾನು ಜ್ವರ ಬಂದು ಮಲಗಿದಾಗಲೂ ನನ್ನನ್ನು ಹಾಗೇ ಕರೆದದ್ದುಂಟು.

ನೀಲಕ್ಕ ನನಗಿಂತ ಐದು ವರ್ಷ ದೊಡ್ಡವಳು. ಅವಳನ್ನು ಜೇವರ್ಗಿಗೆ ಕೊಟ್ಟಿದ್ದರು. ಭಾವ ಹತ್ತಿಯ ಮನುಷ್ಯ. ಒಂದು ಚಿಟಿಕೆ ಅರಳೆಯನ್ನು ಎರಡು ಬೆರಳಲ್ಲಿ ಎಳೆದು ನೋಡಿ, ಇದು ಯಾವ ಊರ ಕಡೆಯದು, ಎಳೆ ಎಷ್ಟು ಉದ್ದ ಎಂದು ಹೇಳಿಬಿಡುತ್ತಿದ್ದರು. ಮುಂಬೈಯ ವ್ಯಾಪಾರಿಯೊಬ್ಬ ಅವರ ಬೆರಳನ್ನು ಮೆಚ್ಚಿ ಗುಮಾಸ್ತಗಿರಿ ಕೊಟ್ಟ. ನಮ್ಮ ಕಡೆಯ ಹತ್ತಿ ಜಪಾನಿಗೆ ಹೋಗುತ್ತಿದ್ದ ಕಾಲವದು. ಅಲ್ಲಿ ಹತ್ತಿಯ ಅಂಡಿಗೆ, ಅಂದರೆ ದೊಡ್ಡ ಮೂಟೆ, ಬಿಚ್ಚಿದಾಗ ಮಾಲಿನ ಬಗ್ಗೆ ಜಗಳ ಬರದ ಹಾಗೆ ನೋಡಿಕೊಳ್ಳಲು ಇವರನ್ನೇ ಕೋಬೆ ಎಂಬ ಬಂದರಿಗೆ ಕಳಿಸಿದ. ಮದುವೆಯಾಗಿ ಎರಡು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ.

ಗಂಡ ಹೆಂಡತಿಗೆ ಕಾಗದ ಬರೆಯುವುದು ಆಗ ನಮ್ಮಲ್ಲಿ ನಾಚಿಕೆಗೇಡು. ಹಿರಿಯರು ಇರುವ ಮನೆಯಲ್ಲಿ ಸೊಸೆಯ ಹೆಸರಿಗೆ ಟಪಾಲು ಬರುವುದೆಂದರೆ ಏನು ಅರ್ಥ? ಅಕ್ಕನಿಗೆ ಓದಲೂ ಬರುತ್ತಿರಲಿಲ್ಲ. ಭಾವ ಒಂದು ದಾರಿ ಹುಡುಕಿದರು. ಹೆಂಡತಿಯ ತಂಗಿಗೆ, ಅಂದರೆ ನನಗೆ, ಆಳಂದದ ಅಂಗಡಿಯ ವಿಳಾಸಕ್ಕೆ ಚಿತ್ರದ ಕಾರ್ಡು ಹಾಕತೊಡಗಿದರು. ಚಿಕ್ಕವಳಿಗೆ ಬಣ್ಣದ ಚಿತ್ರ ಕಳಿಸಿದರೆ ಯಾರೇನು ಅನ್ನುತ್ತಾರೆ? ಬೆನ್ನಿಗೆ ಪೆನ್ಸಿಲಿನಲ್ಲಿ ಎರಡು ಸಾಲು. ‘ನಾನು ಕ್ಷೇಮ. ಎಲ್ಲರಿಗೂ ಶರಣು ಹೇಳು.’ ಆ ‘ಎಲ್ಲರಿಗೂ’ ಎನ್ನುವುದರಲ್ಲಿ ಅಕ್ಕ ಎಲ್ಲಿದ್ದಾಳೆ ಎಂದು ನಾನು ಯಾವತ್ತೂ ಹುಡುಕಲಿಲ್ಲ. ಟಪಾಲಿನವನು ಓದಿ, ಅಂಗಡಿಯ ಗಿರಾಕಿಗಳು ಓದಿ, ಅಪ್ಪ ಓದಿ ಆದ ಮೇಲೆ ಕಾರ್ಡು ನನ್ನ ಕೈಗೆ ಬರುತ್ತಿತ್ತು. ನಾನು ಓದುತ್ತಲೇ ಇರಲಿಲ್ಲ. ಚಿತ್ರದ ಕಡೆ ತಿರುಗಿಸುತ್ತಿದ್ದೆ.

ಎಂಥ ಚಿತ್ರಗಳು ಎನ್ನುತ್ತೀರಿ! ಕೆಂಪು ಸೇತುವೆ, ಗುಲಾಬಿ ಹೂವಿನ ಮರ, ಕಾಗದದ ಛತ್ರಿ, ಹಿಮದ ಬೆಟ್ಟ. ಜೋಳದ ಹೊಲ ಬಿಟ್ಟು ಬೇರೇನೂ ಕಾಣದ ನನಗೆ, ಲೋಕದಲ್ಲಿ ಇಷ್ಟು ಬಣ್ಣವಿದೆಯೇ ಎಂದು ಗಾಬರಿಯೇ ಆಗಿತ್ತು. ಎರಡು ವರ್ಷದಲ್ಲಿ ನಲವತ್ತೊಂದು ಬಂದವು. ಮೂರು ತಿಂಗಳು ಏನೂ ಬರದೆ ಒಮ್ಮೆಲೇ ಐದು ಬಂದದ್ದೂ ಉಂಟು. ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕುತ್ತಿದ್ದೆ. ಅಲ್ಲಿ ಕಲಸುಮೇಲೋಗರವಾಗಿ ಬಿದ್ದಿರುತ್ತಿದ್ದವು.

ನನಗೆ ಹದಿಮೂರು ತುಂಬಿದ ಬೇಸಿಗೆಯಲ್ಲಿ ಇವನ್ನು ಒಪ್ಪವಾಗಿ ಅಂಟಿಸಬೇಕು ಎಂಬ ಬುದ್ಧಿ ಬಂತು. ಅದು ದುರ್ಬುದ್ಧಿ ಎಂದು ಆಗ ತಿಳಿಯಲಿಲ್ಲ. ಬಟ್ಟೆಯ ಮಾದರಿ ತುಣುಕುಗಳನ್ನು ಅಂಟಿಸುವ ದಪ್ಪ ಹಾಳೆಯ ಪುಸ್ತಕವೊಂದು ಅಂಗಡಿಯಲ್ಲಿ ಬೇಡವಾಗಿ ಬಿದ್ದಿತ್ತು. ಗೋಧಿಹಿಟ್ಟು ಕಾಸಿ ಅಂಟು ಮಾಡಿಕೊಂಡೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ? ಟಪಾಲಿನ ಮುದ್ರೆ ನೋಡಿದರಾಗುತ್ತಿತ್ತು. ನೋಡಿದೆ ಕೂಡ. ಅಲ್ಲಿ ಇಂಗ್ಲಿಷ್ ವರ್ಷ. ಶಾಲೆಯಲ್ಲಿ ನಮಗೆ ಕಲಿಸುತ್ತಿದ್ದದ್ದು ನಿಜಾಮರ ಫಸಲಿ ವರ್ಷ, ಅದರ ತಿಂಗಳ ಹೆಸರುಗಳು ಬೇರೆ. ಅಪ್ಪನ ಅಂಗಡಿಯಲ್ಲಿ ದೀಪಾವಳಿಯಿಂದ ದೀಪಾವಳಿಗೆ ವರ್ಷ. ಅವ್ವನಿಗೆ ಯುಗಾದಿಯಿಂದ. ಮೂರು ಪಂಚಾಂಗದ ಮನೆಯಲ್ಲಿ ನಾಲ್ಕನೆಯದು ನನ್ನ ತಲೆಗೆ ಹಿಡಿಸಲಿಲ್ಲ. ಮುದ್ರೆ ಸುಳ್ಳು, ಕಣ್ಣು ನಿಜ ಎಂದು ತೀರ್ಮಾನಿಸಿ ಚಿತ್ರ ನೋಡಿಯೇ ಕಾಲ ಹೇಳಲು ಹೊರಟೆ.

ಆ ನಲವತ್ತೊಂದರಲ್ಲಿ ನಾಲ್ಕು ಕಾರ್ಡುಗಳಲ್ಲಿ ಒಬ್ಬೊಬ್ಬ ಹೆಣ್ಣುಮಗಳಿದ್ದಳು. ನನ್ನ ಕಣ್ಣಿಗೆ ನಾಲ್ಕೂ ಒಂದೇ ಮುಖ. ಜಪಾನಿನವರನ್ನು ನಾನು ಕಂಡದ್ದಾದರೂ ಎಲ್ಲಿ? ಅದೇ ನುಣುಪು ಕೂದಲು, ಅದೇ ತೆಳು ಹುಬ್ಬು. ಅಲ್ಲಿಗೆ ಇವಳು ಒಬ್ಬಳೇ, ವಯಸ್ಸು ಬೇರೆ ಬೇರೆ ಎಂದುಕೊಂಡೆ. ಛತ್ರಿ ಹಿಡಿದು ನಿಂತವಳನ್ನು ಮೊದಲು ಅಂಟಿಸಿದೆ. ಜರಿ ಬಟ್ಟೆಯಲ್ಲಿ ತಲೆ ತಗ್ಗಿಸಿದವಳನ್ನು ಆಮೇಲೆ. ಮೂರನೆಯದು ವಿಚಿತ್ರ. ಅದರಲ್ಲಿ ಅವಳ ಹಣೆಯ ಮೇಲೆ ದುಂಡಗೆ ಒಂದು ಕುಂಕುಮವಿತ್ತು. ಕೈಗೆ ಹಸಿರು ಬಳೆ. ನಾಲ್ಕನೆಯದರಲ್ಲಿ ಬೆನ್ನಿಗೆ ಕೂಸನ್ನು ಕಟ್ಟಿಕೊಂಡಿದ್ದಳು. ಇಷ್ಟು ಸಾಲದು ಎಂದು ಕೆಳಗೆ ದುಂಡಕ್ಷರದಲ್ಲಿ ಹೆಸರೂ ಬರೆದೆ. ಕನ್ಯೆ. ಮದುವಣಗಿತ್ತಿ. ಮುತ್ತೈದೆ. ತಾಯಿ.

ನನ್ನ ಮೇಲೆ ನನಗೇ ಅಷ್ಟು ಅಭಿಮಾನ ಮತ್ತೆಂದೂ ಬಂದಿಲ್ಲ. ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಅಕ್ಕನಿಗೆ ತೋರಿಸಲು ಅಪ್ಪನ ಜೊತೆ ಜೇವರ್ಗಿಗೆ ಹೋದೆ. ಅಪ್ಪ ನನ್ನನ್ನು ಬಿಟ್ಟು ಅಂಗಡಿಯ ಕೆಲಸಕ್ಕೆಂದು ಅಲ್ಲಿನ ಪೇಟೆಗೆ ಹೋದರು. ನಾನು ಜೇವರ್ಗಿ ಅತ್ತಿಯ ಎದುರು, ಅಂದರೆ ಅಕ್ಕನ ಅತ್ತೆಯ ಎದುರು, ಪಡಸಾಲೆಯಲ್ಲಿ ಪುಸ್ತಕ ಬಿಚ್ಚಿದೆ. ಅಕ್ಕ ಪಕ್ಕದಲ್ಲಿ ನಿಂತು ಬಗ್ಗಿ ನೋಡುತ್ತಿದ್ದಳು. ಇಬ್ಬರಿಗೂ ಅಕ್ಷರ ಬಾರದು. ಕತೆ ಹೇಳುವ ಹುಮ್ಮಸ್ಸಿನಲ್ಲಿ ನಾನೇ ಗಟ್ಟಿಯಾಗಿ ಓದುತ್ತ ಹೋದೆ.

“ಇಕಿ ನೋಡ್ರಿ ಅತ್ತಿ, ಕನ್ಯೆ ಇದ್ದಳು. ಇಲ್ಲಿ ಮದುವಣಗಿತ್ತಿ ಆದಳು. ಇಲ್ಲಿ ಮುತ್ತೈದಿ.”

ಅತ್ತಿ ಆ ಹಾಳೆಯ ಮೇಲೆ ಕೈಯಿಟ್ಟಳು. “ಇಕಿಗಿ ಕುಂಕುಮ ಯಾರು ಹಚ್ಚ್ಯಾರ?”

“ಗೊತ್ತಿಲ್ರಿ. ಭಾವ ಕಳಿಸ್ಯಾರ.”

ಈಗ ನೀವು ನಗಬಹುದು. ಆದರೆ ಆಗ ನಮ್ಮ ಊರುಗಳಲ್ಲಿ ಮರ್ಯಾದಸ್ಥರ ಮನೆಯ ಹೆಣ್ಣು ಕ್ಯಾಮೆರಾದ ಮುಂದೆ ಕೂರುತ್ತಿದ್ದುದು ತನ್ನ ಮನೆಯವರಿಗಾಗಿ ಮಾತ್ರ. ಗೊತ್ತಿಲ್ಲದ ಗಂಡಸು ಅವಳ ಚಿತ್ರ ಕೊಂಡುಕೊಂಡು ಟಪಾಲಿಗೆ ಹಾಕುತ್ತಾನೆ ಎಂದರೆ ಯಾರೂ ನಂಬುತ್ತಿರಲಿಲ್ಲ. ಒಬ್ಬ ಗಂಡಸು ಪರದೇಶದಿಂದ ಒಬ್ಬಳೇ ಹೆಣ್ಣಿನ ಚಿತ್ರವನ್ನು ನಾಲ್ಕು ಸಲ ಕಳಿಸಿದ್ದಾನೆ, ಮೂರನೆಯ ಸಲಕ್ಕೆ ಹಣೆಗೆ ಕುಂಕುಮ ಬಂದಿದೆ ಎಂದ ಮೇಲೆ ಕೇಳುವುದೇನು ಉಳಿಯಿತು? ನಾನು ಅದನ್ನೂ ತಿಳಿಯದೆ ಹಾಳೆ ಮಗುಚಿದೆ. “ಇಲ್ಲಿ ತಾಯಿ ಆದಳು,” ಎಂದು ಮುಗಿಸಿದೆ.

ಬಗ್ಗಿದ್ದ ಅಕ್ಕ ನೆಟ್ಟಗೆ ನಿಂತಳು. ಅತ್ತಿ ಪುಸ್ತಕವನ್ನು ಎತ್ತಿ ಬೆಳಕಿಗೆ ಹಿಡಿದಳು. ಬೈಯುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡರೆ, ಅವಳು ಆ ಕೂಸನ್ನು ಬೆರಳಿನಿಂದ ಮೆಲ್ಲಗೆ ಸವರಿದಳು.

“ಗಂಡೇನ, ಹೆಣ್ಣೇನ?” ಅಂದಳು. ಇನ್ನಷ್ಟು ಹತ್ತಿರ ಹಿಡಿದು, “ಮೂಗು ನಮ್ಮನೀದೇ ಅದ,” ಅಂದಳು.

ಮೊಮ್ಮಗನಿಗಾಗಿ ಗಾಣಗಾಪುರಕ್ಕೆ ಹರಕೆ ಹೊತ್ತು ಕಾದವಳು ಅವಳು. ಆ ಕ್ಷಣಕ್ಕೆ ಅವಳಿಗೆ ಮಗನ ತಪ್ಪೂ ಕಾಣಲಿಲ್ಲ, ಪಕ್ಕದಲ್ಲಿ ನಿಂತ ಸೊಸೆಯೂ ಕಾಣಲಿಲ್ಲ. ಅಕ್ಕ ಒಳಗೆ ಹೋಗಿ ಒಂದು ಸೀರೆ ಗಂಟು ಕಟ್ಟಿಕೊಂಡು ಬಂದಳು.

“ಏಳು ಬೇ, ಆಳಂದಕ್ಕ ಹೋಗೂಣು,” ಅಂದಳು ನನಗೆ.

ಪೇಟೆಯಿಂದ ಅಪ್ಪ ಬಂದ ಮೇಲೆ ಮೂವರೂ ಹೊರಟೆವು. ಆಳಂದದ ಮನೆಯಲ್ಲಿ ಅವ್ವ ಸುದ್ದಿ ಕೇಳಿ ಕೂತಲ್ಲೇ ಕೂತಳು. ಅಪ್ಪ ಎರಡು ದಿನ ಅಂಗಡಿಯ ಬಾಗಿಲು ತೆರೆಯಲಿಲ್ಲ. ಅಕ್ಕ ಅತ್ತಳು, ಅತ್ತು ಸುಮ್ಮನಾದಳು, ಮತ್ತೆ ಅತ್ತಳು. ಒಂದು ಮಧ್ಯಾಹ್ನ ರೊಟ್ಟಿ ಬಡಿಯುತ್ತ ನನಗೆ ಹೇಳಿದಳು: “ಆಕಿ ಕುಂಕುಮ ಅಳೀಲಿ ಅಂತ ಬೈಯಾಕ ಬಾಯಿ ತೆರೀತೇನಿ. ಅದು ಅಳಿದ್ರ ನಂದೂ ಅಳೀತದ. ಬೈಯಾಕೂ ಬರದಂಗಾತು ನೋಡು.” ನನಗೆ ನಗು ಬಂತು. ನಕ್ಕ ಮೇಲೆ ನನಗೇ ಅಸಹ್ಯವಾಯಿತು. ಅಷ್ಟಾದರೂ ಆ ಸಾಲನ್ನು ಜೋಡಿಸಿದ್ದು ನಾನೇ, ನನ್ನ ಮನಸ್ಸಿಗೆ ಬಂದ ಹಾಗೆ ಜೋಡಿಸಿದ್ದು ಎಂದು ಬಾಯಿ ಬಿಡಲು ಧೈರ್ಯ ಬರಲಿಲ್ಲ. ಖರೆ ಹೇಳುತ್ತೇನೆ, ಎರಡು ದಿನ ಕಳೆದ ಮೇಲೆ ನನಗೂ ಅದು ನಿಜವೆಂದೇ ಅನಿಸಿತ್ತು.

ಭಾವನಿಗೆ ಬರೆದು ಕೇಳೋಣವೆಂದರೆ ಕಾಗದ ಹೋಗಿ ಉತ್ತರ ಬರಲು ತಿಂಗಳುಗಳೇ ಬೇಕು. ಅಲ್ಲದೆ ಇಂಥದ್ದನ್ನು ಯಾರು ಬರೆಯುತ್ತಾರೆ, ಹೇಗೆ ಬರೆಯುತ್ತಾರೆ? ಅಕ್ಕ ಒಂದೇ ಮಾತು ಹಿಡಿದಳು: ತನಗೆ ಸೋಡಚೀಟಿ ಬೇಕು. ಹಿರಿಯರು ಕೂತು ಮದುವೆ ಬಿಡಿಸಿ ಬರೆದುಕೊಡುವ ಚೀಟಿಗೆ ನಮ್ಮಲ್ಲಿ ಹಾಗನ್ನುತ್ತಾರೆ. ಈ ಸಂಬಂಧ ಕುದುರಿಸಿದವನು ಅಫಜಲಪುರದ ನಮ್ಮ ಸೋದರಮಾವ. ಎರಡೂ ಕಡೆಯವರು ಅವನ ಮನೆಯಲ್ಲೇ ಸೇರುವುದೆಂದು ಗೊತ್ತಾಯಿತು.

ಮಾವನ ಪಡಸಾಲೆಯಲ್ಲಿ ಒಂದು ಕಡೆ ಜೇವರ್ಗಿಯವರು, ಒಂದು ಕಡೆ ನಾವು. ನಡುವೆ ಚಾಪೆಯ ಮೇಲೆ ನನ್ನ ಪುಸ್ತಕ. ಅತ್ತಿ ಸೊಸೆಯನ್ನು ಬಿಡಲು ಒಪ್ಪಲಿಲ್ಲ, ಅದು ಬೇರೆ ಮಾತು. “ಇಕಿನೂ ಇರ್ಲಿ, ಆಕಿನೂ ಬರ್ಲಿ. ಕೂಸಿಗಿ ಇಬ್ಬರು ಅವ್ವಗೋಳಾಗ್ತಾರ,” ಎಂದು ಅವಳ ವಾದ. ಅಕ್ಕ ಗೋಡೆಗೆ ಮುಖ ಮಾಡಿ ಕೂತಿದ್ದಳು.

ಮಾವ ಪುಸ್ತಕ ತೆರೆದು ಬಹಳ ಹೊತ್ತು ನೋಡಿದ. ಅವನು ಸೊಲ್ಲಾಪುರ, ಮುಂಬೈ ಎಂದು ದಿನಾ ಟಪಾಲು ನೋಡುವ ವ್ಯಾಪಾರಿ. ತಲೆ ಎತ್ತದೆ ನನ್ನನ್ನು ಕೇಳಿದ: “ಇದು ಮೊದಲ ಬಂದದ್ದು, ಇದು ಕಡೀಕ ಬಂದದ್ದು ಅಂತ ನಿನಗ ಹ್ಯಾಂಗ ಗೊತ್ತಾತು?”

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ನಾನೇ ಜೋಡಿಸೀನಿ ಮಾವಾ. ಮುಖ ನೋಡಿ,” ಅಂದೆ.

“ಮುಖ ನೋಡಿ? ಮುದ್ರಿ ಎಲ್ಲಿ?”

“ಹಿಂದ ಅದ. ಅಂಟಿಸೀನಿ.”

ಅಪ್ಪ ನನ್ನ ಕಡೆ ನೋಡಿದ ನೋಟವನ್ನು ನಾನು ಹೇಳಲಾರೆ. ಮಾವ ಒಂದು ಕಾರ್ಡಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನೋಡಿದ. ಬೆನ್ನಿನ ಕಾಗದವೇ ಸುಲಿದು ಬರತೊಡಗಿತು. ನಾನು ಅಂಟು ಜಿಪುಣತನ ಮಾಡದೆ ಬಳಿದಿದ್ದೆ. “ನೀರು ತರ್ರಿ,” ಅಂದ.

ಹಿಟ್ಟು ನಾದುವ ದೊಡ್ಡ ಪರಾತದಲ್ಲಿ ಬೆಚ್ಚಗಿನ ನೀರು ಬಂತು. ನನ್ನ ಕೈಯಿಂದಲೇ ಹಾಳೆಗಳನ್ನು ಹರಿಸಿದರು, ನನ್ನ ಕೈಯಿಂದಲೇ ನೀರಿಗೆ ಬಿಡಿಸಿದರು. ನಾಲ್ಕು ಸಾಕಾಗುತ್ತಿತ್ತು. ಆದರೆ ಅತ್ತಿ, “ಉಳಿದದ್ದರಾಗ ಏನೇನ್ ಅದನೋ ನೋಡ್ರಿ,” ಎಂದು ಹಟ ಹಿಡಿದಳು. ಎಲ್ಲವೂ ಹೋದವು. ಮೊದಲು ಗುಲಾಬಿ ಬಣ್ಣ ಎದ್ದಿತು. ಆಮೇಲೆ ಕೆಂಪು ಸೇತುವೆ ಎಳೆಎಳೆಯಾಗಿ ನೀರಿಗೆ ಬಿಟ್ಟುಕೊಂಡಿತು. ಆ ಬಣ್ಣಗಳು ಹೀಗೆ ಹೋಗುವಂಥವು ಎಂದು ನನಗೆ ಕನಸಿನಲ್ಲೂ ಗೊತ್ತಿರಲಿಲ್ಲ. ಅವು ಜಪಾನಿನದೇ ಬಣ್ಣ, ಅಲ್ಲಿನ ಮರ ಹಾಗೇ ಇರುತ್ತದೆ, ಆಕಾಶ ಹಾಗೇ ಇರುತ್ತದೆ ಎಂದು ನಾನು ನಂಬಿದ್ದೆ. ಕುಂಕುಮದ ಹೆಣ್ಣಿನ ಹಣೆಯಿಂದ ಸಣ್ಣಗೆ ಕೆಂಪು ಇಳಿದು ಮೂಗಿನ ಮೇಲೆ ಹರಿದು ಹೋಯಿತು. ಅದನ್ನು ಕಂಡು ಅವ್ವ ಮುಖ ತಿರುಗಿಸಿದಳು. ನಾನು ನೀರಲ್ಲಿ ಕೈಯಿಟ್ಟುಕೊಂಡೇ ಅಳುತ್ತಿದ್ದೆ. ಅಕ್ಕನ ಸಲುವಾಗಿ ಅಳುತ್ತಿದ್ದೇನೆ ಎಂದು ಎಲ್ಲರೂ ತಿಳಿದರು. ಅಲ್ಲ, ನನ್ನ ಕಾರ್ಡುಗಳ ಸಲುವಾಗಿ ಅಳುತ್ತಿದ್ದೆ. ಎಂಥ ಹುಡುಗಿ ನೋಡಿ.

ಮಾವ ಒಂದೊಂದನ್ನೇ ಎತ್ತಿ ನೀರು ಸೋರಿಸಿ, ನಮ್ಮ ಕಡೆಯ ಟಪಾಲು ಮುದ್ರೆಯನ್ನು ಕನ್ನಡಕದ ಕೆಳಗೆ ಹಿಡಿದ. ಕೂಸನ್ನು ಕಟ್ಟಿಕೊಂಡವಳು ಬಂದದ್ದು ಎಲ್ಲಕ್ಕಿಂತ ಮೊದಲು, ಭಾವ ಹೋದ ಎರಡನೆಯ ತಿಂಗಳಿಗೆ. ಜರಿ ಬಟ್ಟೆಯವಳು ಒಂದು ವರ್ಷದ ಮೇಲೆ. ಛತ್ರಿಯ ಕನ್ಯೆ ಅದಾದ ಮೇಲೆ. ಕುಂಕುಮದವಳು ಕಟ್ಟಕಡೆಗೆ.

“ಮೊದಲ ತಾಯಿ, ಆಮ್ಯಾಲ ಮದುವಣಗಿತ್ತಿ, ಆಮ್ಯಾಲ ಕನ್ಯಾ,” ಎಂದು ಮಾವ ನಾಲ್ಕನ್ನೂ ಚಾಪೆಯ ಮೇಲೆ ಸಾಲಾಗಿ ಇಟ್ಟ. “ಹೋದ ಎರಡು ತಿಂಗಳಿಗೆ ಇಷ್ಟು ದೊಡ್ಡ ಕೂಸು ಯಾರಿಗಿ ಹುಟ್ಟತದ ಅಕ್ಕಾರೆ? ಇವು ಅಂಗಡ್ಯಾಗ ಮಾರೋ ಚಿತ್ರ. ಹಣಿ ಮ್ಯಾಲಿಂದು ಬಣ್ಣದ ಹನಿ ಬಿದ್ದದ್ದು.”

ಜೇವರ್ಗಿಯ ಗಂಡಸರು ಗಂಟಲು ಸರಿಮಾಡಿಕೊಂಡರು. ಅಪ್ಪ ಮೊದಲ ಸಲ ನೆಟ್ಟಗೆ ಕೂತರು. ಆದರೆ ಅತ್ತಿ ಮಾತ್ರ ಆ ತೊಯ್ದ ಕಾರ್ಡನ್ನು ಬಿಡಲಿಲ್ಲ.

“ಹಂಗಾದ್ರ ಕೂಸು?” ಅಂದಳು.

“ಕೂಸು ಇಲ್ರಿ,” ಅಂದ ಮಾವ.

ಅವಳು ಕಾರ್ಡನ್ನು ಸೆರಗಿನಿಂದ ಒತ್ತಿ ಒರೆಸಿದಳು. ಒರೆಸಿದಷ್ಟೂ ಕೂಸಿನ ಬಣ್ಣ ಸೆರಗಿಗೆ ಬಂತು. ಆಮೇಲೆ ಅವಳು ಅಳತೊಡಗಿದಳು. ಸಾವು ಆದ ಮನೆಯಲ್ಲಿ ಅಳುವ ಹಾಗೆ ದನಿ ತೆಗೆದು ಅತ್ತಳು. ಗೋಡೆಗೆ ಮುಖ ಮಾಡಿದ್ದ ಅಕ್ಕ ಎದ್ದು ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. ನನಗೆ ದಿಗಿಲಾಯಿತು. ಇಲ್ಲದ ಮಗುವಿಗೆ ಇಷ್ಟು ದೊಡ್ಡ ದುಃಖವಿದ್ದೀತು, ಅದನ್ನು ಅವಳಿಗೆ ಕೊಟ್ಟು ಕಸಿದುಕೊಂಡವಳು ನಾನು ಎಂದು ಹದಿಮೂರನೆಯ ವಯಸ್ಸಿನಲ್ಲಿ ತಿಳಿಯುವುದು ಬಹಳ ಭಾರ. ಅಕ್ಕ ಅದೇ ಗಾಡಿಯಲ್ಲಿ ಅತ್ತಿಯ ಜೊತೆ ಜೇವರ್ಗಿಗೆ ಹೋದಳು.

ಹೋದಳು ನಿಜ, ನಂಬಿ ಹೋದಳೆಂದು ಹೇಳಲಾರೆ. ಹನಿ ಬಿದ್ದದ್ದು ಎಂದು ಮಾವ ಹೇಳಿದ್ದು ಅವಳ ಮನಸ್ಸಿಗೆ ಇಳಿದಿರಲಿಲ್ಲ. ಅಷ್ಟು ದುಂಡಗೆ, ಹುಬ್ಬಿನ ನಡುವೆಯೇ ಹೋಗಿ ಹನಿ ಬೀಳುತ್ತದೆಯೇ? ಮುಂದೆ ಎರಡು ವರ್ಷ ನಾನು ಹೋದಾಗಲೆಲ್ಲ ಅವಳು ಎಲ್ಲ ಮಾತಾಡುವಳು, ಭಾವನ ಮಾತು ಮಾತ್ರ ಎತ್ತುತ್ತಿರಲಿಲ್ಲ. ಕಾರ್ಡುಗಳೂ ಕಡಿಮೆಯಾದವು. ಬಂದವನ್ನು ನಾನು ಅಂಟಿಸಲಿಲ್ಲ, ತೋರಿಸಲೂ ಇಲ್ಲ, ಡಬ್ಬಿಗೂ ಹಾಕದೆ ಕೇಳಿದ ಮಕ್ಕಳಿಗೆ ಕೊಟ್ಟುಬಿಟ್ಟೆ. ನನ್ನ ಮದುವೆಯೂ ಆಯಿತು, ಇದೇ ಅಫಜಲಪುರಕ್ಕೆ ಬಂದೆ. ಡಬ್ಬಿ ನನ್ನ ಜೊತೆಗೇ ಬಂತು.

ಯುದ್ಧ ಜಪಾನನ್ನು ಸುತ್ತಿಕೊಳ್ಳುವ ಸುದ್ದಿ ಹಬ್ಬಿದಾಗ ಅಲ್ಲಿದ್ದ ನಮ್ಮವರು ಹಡಗು ಸಿಕ್ಕಂತೆ ಹೊರಟು ಬಂದರು. ಭಾವನೂ ಬಂದರು. ಕೂದಲು ಅರ್ಧ ಬೆಳ್ಳಗಾಗಿತ್ತು. ನನ್ನನ್ನೂ ಕರೆಸಿದ್ದರು. ಕಾರ್ಡಿನ ಡಬ್ಬಿ ತರಬೇಕೆಂದು ಹೇಳಿಕಳಿಸಿದ್ದರು. ಹೆದರುತ್ತಲೇ ತೆಗೆದುಕೊಂಡು ಹೋದೆ.

ಪಡಸಾಲೆಯಲ್ಲಿ ಅತ್ತಿ ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. ಅಕ್ಕ ಅಡುಗೆಮನೆಯ ಬಾಗಿಲ ಹಿಂದೆ. ಹಿರಿಯರು ಕೂತಿರುವಾಗ ಸೊಸೆ ಗಂಡನೆದುರು ಬರುವ ಪದ್ಧತಿಯಿಲ್ಲ. ಭಾವ ನನ್ನನ್ನು ಕೇಳಿದರು. ದನಿ ಮಾತ್ರ ಬಾಗಿಲಿಗೆ ಮುಟ್ಟುವಷ್ಟಿತ್ತು.

“ಕುಂಕುಮ ಹಚ್ಚಿದ್ದ ಕಾರ್ಡ ನಿಮ್ಮಕ್ಕಗ ತೋರಿಸಿದೇನು?”

“ತೋರಿಸೀನ್ರಿ.”

“ಏನಂದ್ಳು?”

ಏನು ಹೇಳಲಿ? ಡಬ್ಬಿಯನ್ನೇ ಮುಂದೆ ಸರಿಸಿದೆ. ಅವರು ಹುಡುಕಿ ಅದೇ ಕಾರ್ಡನ್ನು ತೆಗೆದರು. ಬೆಳಕಿಗೆ ಹಿಡಿದರು, ತಿರುಗಿಸಿದರು, ಮತ್ತೆ ಹಿಡಿದರು. “ಬಣ್ಣ ಎಲ್ಲಿ ಹೋತು?” ಅಂದರು. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ. ಅಂಟಿಸಿದ್ದು, ಓದಿದ್ದು, ಕೂಸು, ಪರಾತ, ಎಲ್ಲಾ. ಇಷ್ಟು ದಿನ ಅವರಿಗೆ ಯಾರೂ ಏನೂ ತಿಳಿಸಿರಲಿಲ್ಲ. 

“ಸೋಡಚೀಟಿ ಕೇಳಿದ್ಳ?” ಎಂದು ಅಷ್ಟೇ ಅಂದರು.

ಆಮೇಲೆ ಅವರು ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಮಾತಾಡಿದರು. “ನಾ ಇದ್ದ ಮನಿ ಮುದುಕಿ ಈ ಕಾರ್ಡಿಗಿ ಬಣ್ಣ ಹಚ್ಚಾಕಿ. ಹಳೇ ಕಾರ್ಡ ಗಂಟು ಕಟ್ಟಿ ಇಟ್ಟಿದ್ಳು. ನಿನ್ನ ಹೇಣ್ತಿ ಹ್ಯಾಂಗಿರ್ತಾಳ ಹೇಳು, ಹಂಗೇ ಬಣ್ಣ ಹಚ್ಚಿ ಕೊಡ್ತೇನಿ ಅಂದ್ಳು. ನಾ ಹೇಳ್ದೆ, ಆಕಿ ಹಚ್ಚಿದ್ಳು. ಹೆಸರು ಬರೀಲಾಕ ಬರ್ತದೇನು? ದಾರ್ಯಾಗ ಎಲ್ಲಾರೂ ಓದ್ತಾರ. ನೋಡಿದ್ರ ಆಕಿಗಿ ತಿಳೀತದ ಅನ್ಕೊಂಡೆ. ಇದು ನಿಮ್ಮಕ್ಕನೇ.”

ಮೊರದಲ್ಲಿ ಆಡುತ್ತಿದ್ದ ಅತ್ತಿಯ ಕೈ ನಿಂತಿತು. ಆ ಚಿತ್ರವನ್ನು ನಾನು ದಿನಕ್ಕೊಂದು ಸಲವಾದರೂ ನೋಡಿದ್ದೆ. ಅದಕ್ಕೆ ನಂಬರು ಹಾಕಿದ್ದೆ, ಹೆಸರು ಬರೆದಿದ್ದೆ, ವಯಸ್ಸು ಹೇಳಿದ್ದೆ. ಭಾವ ನಾಲ್ಕು ವರ್ಷದಲ್ಲಿ ಅಕ್ಕನಿಗೆ ಬರೆದ ಒಂದೇ ಕಾಗದವದು. ಅದನ್ನು ಸವತಿ ಎಂದು ಓದಿ ಹೇಳಿ, ಪರಾತದಲ್ಲಿ ಮುಳುಗಿಸಿದ್ದೆ.

ಅಡುಗೆಮನೆಯ ಬಾಗಿಲು ಕಿರುಗುಟ್ಟಿತು. ಅಕ್ಕ ಹೊರಗೆ ಬಂದಳು. ಅತ್ತಿ ಕೂತಿದ್ದಾಳೆ, ಗಂಡ ಎದುರಿಗಿದ್ದಾನೆ, ಅವಳು ಬಂದು ನಡುವೆ ನಿಂತಳು. ಆ ಮನೆಯಲ್ಲಿ ಹಾಗೆ ನಿಂತದ್ದು ಅದೇ ಮೊದಲು.

“ಆ ಮುದುಕಿಗಿ ನನ್ನ ಬಗ್ಗೆ ಏನೇನ್ ಹೇಳಿದ್ರಿ?” ಅಂದಳು.

ಭಾವ ತಾಯಿಯ ಕಡೆ ನೋಡಿದರು. ಕಾರ್ಡು ನೋಡಿದರು. ಓಡಿಹೋಗಲು ದಾರಿಯಿರಲಿಲ್ಲ.

“ಗೋಧಿ ಬಣ್ಣದಾಕಿ ಅಂದೆ,” ಎಂದು ತಲೆ ತಗ್ಗಿಸಿಯೇ ಶುರು ಮಾಡಿದರು. “ಕುಂಕುಮ ದೊಡ್ಡದು ಹಚ್ಚತಾಳ ಅಂದೆ. ಹಸರ ಬಳಿ ಅಂದೆ. ಕಾರ್ಡ ನಾನೇ ಆರಿಸಿದೆ. ಇಕಿ ನೋಡು, ತೋಳಿನ ಬಟ್ಟಿ ಬಾಯಿಗಿ ಹಿಡ್ದಾಳ. ಆಕಿನೂ ನಗು ಬಂದ್ರ ಸೆರಗು ಬಾಯಿಗಿ ಹಿಡೀತಾಳ ಅಂದೆ. ಎರಡು ವರ್ಷ ಸಂಸಾರ ಮಾಡಿನೂ ಆಕಿ ನಗೋದು ನಾ ಪೂರಾ ನೋಡಿಲ್ಲ ಅಂದೆ.”

ಅತ್ತಿ ಮೊರವನ್ನು ಎತ್ತಿಕೊಂಡು, ಯಾರನ್ನೂ ನೋಡದೆ, ಹಿತ್ತಲಿಗೆ ಹೋಗಲು ಎದ್ದಳು. ಅಕ್ಕನ ಸೆರಗು ಆಗಲೇ ಬಾಯಿಗೆ ಹೋಗಿತ್ತು. ಅತ್ತಿ ಇನ್ನೂ ಹೊಸ್ತಿಲು ದಾಟಿರಲಿಲ್ಲ, ಅಕ್ಕ ಆ ಸೆರಗನ್ನು ಕೆಳಗೆ ಬಿಟ್ಟಳು.